ಹೋಟೆಲ್ ಅಡುಗೆಮನೆಯಲ್ಲಿ ಹೆಲ್ಪರ್ ಕೆಲಸ: ದರ್ಶಿನಿಯೋ, ಊಟದ ಹೋಟೆಲೋ, ಮದುವೆ ಅಡುಗೆಯೋ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಹೋಟೆಲ್ ಬಾಗಿಲಲ್ಲಿ ಒಂದು ಚೀಟಿ ಕಾಣುತ್ತದೆ: ‘ಕಿಚನ್ ಹೆಲ್ಪರ್ ಬೇಕಾಗಿದ್ದಾರೆ, ಊಟ-ವಸತಿ ಇದೆ.’ ಚೀಟಿ ಎಲ್ಲ ಕಡೆ ಒಂದೇ, ಒಳಗಿನ ಕೆಲಸ ಒಂದೇ ಅಲ್ಲ. ಒಂದು ಕಡೆ ವರ್ಷವಿಡೀ ಉದ್ದು ರುಬ್ಬುವುದು, ಇನ್ನೊಂದು ಕಡೆ ರಾತ್ರಿಯಿಡೀ ಬೀನ್ಸ್ ಹೆಚ್ಚುವುದು, ಮತ್ತೊಂದು ಕಡೆ ತೂಕ ಮಾಡಿ ಡಬ್ಬಿಗೆ ತುಂಬುವುದು. ಅಡುಗೆಯವರ ಕೈಗೆ ಬೇಕಾದದ್ದನ್ನೆಲ್ಲ ಹೆಚ್ಚಿ, ತೊಳೆದು, ರುಬ್ಬಿ, ತುರಿದು ಸಿದ್ಧ ಮಾಡಿಕೊಡುವ ಈ ಕೆಲಸವನ್ನು ಎಲ್ಲಿ ಹಿಡಿಯಬೇಕು ಎಂಬ ಗೊಂದಲದಲ್ಲಿ ಇರುವವರಿಗಾಗಿ ಈ ಬರಹ.

ಮೊದಲು ಅಳತೆಗೋಲು

ಸಂಬಳ ಎಷ್ಟು ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಒಲೆ ಎಷ್ಟು ದೂರ ಎಂದು. ತರಕಾರಿ ಹೆಚ್ಚುವ ಮೇಜಿನಿಂದ ಒಲೆಯ ಮುಂದೆ ನಿಲ್ಲುವುದಕ್ಕೆ ಆರು ತಿಂಗಳು ಸಾಕಾಗುವ ಅಡುಗೆಮನೆಗಳಿವೆ, ಮೂರು ವರ್ಷವಾದರೂ ಆಗದ ಅಡುಗೆಮನೆಗಳೂ ಇವೆ. ಹೆಲ್ಪರ್ ಸಂಬಳಕ್ಕೂ ಮಾಸ್ಟರ್ ಸಂಬಳಕ್ಕೂ ಇರುವ ಅಂತರದ ಮುಂದೆ, ಎರಡು ಹೋಟೆಲ್‌ಗಳ ಹೆಲ್ಪರ್ ಸಂಬಳದ ನಡುವಿನ ಸಾವಿರ-ಎರಡು ಸಾವಿರದ ವ್ಯತ್ಯಾಸ ದೊಡ್ಡದಲ್ಲ.

ಎರಡನೆಯದು, ಕೈಗೆ ಏನು ಕೂರುತ್ತದೆ ಎಂಬುದು. ವರ್ಷದ ನಂತರ ಇನ್ನೊಂದು ಹೋಟೆಲಿಗೆ ಹೋದಾಗ ‘ಏನು ಬರುತ್ತೆ?’ ಎಂದು ಕೇಳಿದರೆ ಹೇಳಲು ಉತ್ತರ ಇರಬೇಕು.

ಮೂರನೆಯದು ದುಡ್ಡು, ಆದರೆ ಬಾಯಲ್ಲಿ ಹೇಳಿದ ಮೊತ್ತವಲ್ಲ, ತಿಂಗಳ ಕೊನೆಗೆ ಉಳಿಯುವ ಮೊತ್ತ. ಒಂದು ಕಡೆ 14,000 ಜೊತೆಗೆ ಊಟ-ವಸತಿ, ಇನ್ನೊಂದು ಕಡೆ ಏನೂ ಇಲ್ಲದೆ 19,000 ಎಂದಿಟ್ಟುಕೊಳ್ಳಿ. ಎರಡನೆಯದರಲ್ಲಿ ಪಿಜಿಗೆ 7,000, ಓಡಾಟಕ್ಕೆ 1,000 ಹೋದರೆ ಉಳಿಯುವುದು 11,000. ಕಡಿಮೆ ಸಂಬಳವೇ 3,000 ಹೆಚ್ಚು ಉಳಿಸಿತು. ‘ವಸತಿ’ ಎಂದರೆ ಮಾತ್ರ ಏನೆಂದು ಕಣ್ಣಾರೆ ನೋಡಿ. ಹತ್ತು ಜನಕ್ಕೆ ಒಂದೇ ಬಚ್ಚಲಿದ್ದರೆ ಬೆಳಗಿನ 4 ಗಂಟೆಯ ಪಾಳಿಗೆ 3 ಗಂಟೆಗೇ ಏಳಬೇಕು.

ಇದರ ಜೊತೆಗೇ ಇಎಸ್‌ಐ, ಪಿಎಫ್ ವಿಷಯ: ಮೊದಲನೆಯದು ಕಾರ್ಮಿಕರ ಸರ್ಕಾರಿ ವಿಮೆ, ಎರಡನೆಯದು ಭವಿಷ್ಯ ನಿಧಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರಬೇಕು. ಕಾರ್ಮಿಕನ ಪಾಲು ಶೇ 0.75, ಮಾಲೀಕರದು ಶೇ 3.25. ಸಂಬಳ 16,000 ಇದ್ದರೆ ನಿಮ್ಮಿಂದ ಮುರಿಯುವುದು 120 ರೂಪಾಯಿ, ಮಾಲೀಕರು ಕಟ್ಟುವುದು 520. ಈ 120 ರೂಪಾಯಿ ಉಳಿಸಲು ‘ನನಗೆ ಬೇಡ ಸಾರ್, ಕೈಗೆ ಕೊಡಿ’ ಎನ್ನುವವರು ಬಹಳ. ಕೆಲಸದಲ್ಲಿ ಕೈ ಸುಟ್ಟುಕೊಂಡು ಮೂರು ವಾರ ಮಲಗಿದರೆ ಇಎಸ್‌ಐ ಸಂಬಳದ ಶೇ 90ರಷ್ಟನ್ನು ಕೊಡುತ್ತದೆ, ರಾಜಾಜಿನಗರ ಅಥವಾ ಇಂದಿರಾನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ಸಿಗುತ್ತದೆ. ಕುದಿಯುವ ಸಾಂಬಾರಿನ ಪಕ್ಕದಲ್ಲಿ ದಿನವಿಡೀ ಓಡಾಡುವವರು ಬಿಡಬಾರದ ಸೌಲಭ್ಯ ಇದು.

ಕೊನೆಯದಾಗಿ ಹೊತ್ತು ಮತ್ತು ಮೈ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ಪೂರ್ತಿ ರಜೆ. ಅಡುಗೆಮನೆಗಳಲ್ಲಿ ನಡೆಯುವುದು ಬೇರೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ‘ಎಷ್ಟು ಗಂಟೆ’ ಎಂದಷ್ಟೇ ಕೇಳಬೇಡಿ, ‘ಬ್ರೇಕ್ ಶಿಫ್ಟಾ?’ ಎಂದೂ ಕೇಳಿ. ಬೆಳಿಗ್ಗೆ 5ರಿಂದ 11, ಮತ್ತೆ ಸಂಜೆ 4ರಿಂದ 9 ಎಂದರೆ ಲೆಕ್ಕಕ್ಕೆ 11 ಗಂಟೆ, ನಿಜಕ್ಕೆ ಇಡೀ ದಿನ.

ದರ್ಶಿನಿ

ನಿಂತು ತಿನ್ನುವ ದರ್ಶಿನಿಯಲ್ಲಿ ತಿಂಡಿಗಳ ಪಟ್ಟಿ ಚಿಕ್ಕದು, ಪ್ರಮಾಣ ದೊಡ್ಡದು. ಹೆಲ್ಪರ್ ಕೆಲಸದ ಮುಕ್ಕಾಲು ಪಾಲು ಹಿಟ್ಟು, ಚಟ್ನಿ, ಆಲೂಗಡ್ಡೆ ಪಲ್ಯ, ಈರುಳ್ಳಿ. ಬೇಸರದ ಕೆಲಸ ಎಂದು ಹೇಳುವವರು ಹಿಟ್ಟನ್ನು ಸರಿಯಾಗಿ ನೋಡಿಲ್ಲ.

ಇಡ್ಲಿಗೆ 1 ಅಳತೆ ಉದ್ದಿನಬೇಳೆಗೆ 2ರಿಂದ 2½ ಅಳತೆ ಇಡ್ಲಿ ರವೆ. ದೋಸೆಗೆ 1 ಅಳತೆ ಉದ್ದಿಗೆ 3ರಿಂದ 4 ಅಳತೆ ಅಕ್ಕಿ, ಜೊತೆಗೆ ಸ್ವಲ್ಪ ಮೆಂತ್ಯ, ಅವಲಕ್ಕಿ. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ಹದ ಕೆಡುವುದು ಗ್ರೈಂಡರಿನಲ್ಲಿ. ನೀರೆಲ್ಲ ಒಮ್ಮೆಗೇ ಸುರಿದರೆ ಬೇಳೆ ಕಲ್ಲಿನ ಕೆಳಗೆ ಸಿಗದೆ ಜಾರುತ್ತದೆ, ನುಣ್ಣಗಾಗುವುದಿಲ್ಲ. ನೀರು ಕಮ್ಮಿಯಾದರೆ ಕಲ್ಲು ಬಿಸಿಯಾಗಿ ಹಿಟ್ಟೂ ಬಿಸಿಯಾಗುತ್ತದೆ, ಆಮೇಲೆ ಸರಿಯಾಗಿ ಉಬ್ಬುವುದಿಲ್ಲ. ತಣ್ಣೀರನ್ನು ಚಿಮುಕಿಸುತ್ತ 30–40 ನಿಮಿಷ ರುಬ್ಬಿ, ಒಂದು ಚಿಟಿಕೆ ಹಿಟ್ಟನ್ನು ನೀರಿನ ಬಟ್ಟಲಿಗೆ ಹಾಕಿದಾಗ ಅದು ತೇಲಬೇಕು. ಮುಳುಗಿದರೆ ಇನ್ನೂ ಆಗಿಲ್ಲ. ಏಪ್ರಿಲ್‌ನಲ್ಲಿ 8 ಗಂಟೆಗೇ ಹುದುಗುವ ಹಿಟ್ಟು ಡಿಸೆಂಬರಿನಲ್ಲಿ 12 ಗಂಟೆ ದಾಟಿದರೂ ಸುಮ್ಮನೆ ಕೂತಿರುತ್ತದೆ, ಆದ್ದರಿಂದ ರುಬ್ಬುವ ಹೊತ್ತೂ ಋತುವಿನ ಜೊತೆ ಹಿಂದೆ-ಮುಂದೆ ಆಗುತ್ತದೆ. ಪಾತ್ರೆಗೆ ಅರ್ಧಕ್ಕಿಂತ ಹೆಚ್ಚು ತುಂಬಿಸಿದ್ದೀರೋ, ಬೆಳಗಿನ ಜಾವ ಬಂದವರು ಮೊದಲು ನೆಲ ತೊಳೆಯಬೇಕು.

ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಬೇಕು. ಬೇಗ ಆಗಲೆಂದು ಹೆಚ್ಚಿ ಬೇಯಿಸಿದರೆ ನೀರು ಕುಡಿದು ಪಲ್ಯ ಅಂಟಾಗುತ್ತದೆ, ಮಸಾಲೆ ದೋಸೆಯ ಒಳಗೆ ಹರಡಿಕೊಳ್ಳುತ್ತದೆ. ಕಾಯಿ ಚಟ್ನಿಯನ್ನು ಎರಡು-ಮೂರು ಗಂಟೆಗೆ ಬೇಕಾದಷ್ಟೇ ರುಬ್ಬುವುದು ವಾಡಿಕೆ. ಬೆಳಿಗ್ಗೆಯೇ ದಿನಕ್ಕಾಗುವಷ್ಟು ರುಬ್ಬಿಟ್ಟರೆ ಮಧ್ಯಾಹ್ನಕ್ಕೆ ಹುಳಿ ವಾಸನೆ ಬರುತ್ತದೆ.

ದರ್ಶಿನಿಯ ದೊಡ್ಡ ಲಾಭ ಒಲೆ ಹತ್ತಿರ ಇರುವುದು. ಜಾಗವೇ ಚಿಕ್ಕದು, ಜನ ಕಡಿಮೆ, ದೋಸೆ ಮಾಸ್ಟರ್ ಊರಿಗೆ ಹೋದ ದಿನ ಕಾವಲಿ ಮುಂದೆ ನಿಲ್ಲಲು ನಿಮ್ಮನ್ನೇ ಕರೆಯುತ್ತಾರೆ. ರುಬ್ಬುವುದು, ಆಮೇಲೆ ಇಡ್ಲಿ ಬೇಯಿಸುವುದು, ಆಮೇಲೆ ಕಾವಲಿ ಎಂಬ ದಾರಿ ಇಲ್ಲಿ ಸ್ಪಷ್ಟ. ದೋಸೆ ಹಾಕುವ ಕೈಗೆ ಯಾವ ಊರಲ್ಲೂ ಕೆಲಸ ಉಂಟು. ನಷ್ಟವೆಂದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಐದು ವರ್ಷ ದರ್ಶಿನಿಯಲ್ಲಿದ್ದವರಿಗೆ ಒಂದು ಕೂಟಿನ ಹದವೂ ಗೊತ್ತಿಲ್ಲದಿರಬಹುದು. ಜೊತೆಗೆ ನಸುಕಿನ 4ಕ್ಕೆ ಕೆಲಸ, ದಿನವಿಡೀ ಒದ್ದೆ ನೆಲ, ಅದರ ಮೇಲೆ ಕರೆಂಟಿನ ಗ್ರೈಂಡರ್. ಕಲ್ಲು ತಿರುಗುವಾಗ ಹಿಟ್ಟನ್ನು ಕೈಯಿಂದ ದೂಡುವ ಅಭ್ಯಾಸ ಇರುವ ಅಡುಗೆಮನೆಯಲ್ಲಿ ನಿಲ್ಲಬೇಡಿ. ಉದ್ದ ತೋಳಿನ ಅಂಗಿ, ಕೈದಾರ, ಬಳೆ ಯಾವುದೂ ಗ್ರೈಂಡರಿನ ಹತ್ತಿರ ಇರಬಾರದು.

ಊಟದ ಹೋಟೆಲ್, ಮಿಲ್ಟ್ರಿ ಹೋಟೆಲ್

ಕೂತು ಉಣ್ಣುವ, ದಕ್ಷಿಣ, ಉತ್ತರ, ಚೈನೀಸ್ ಮೂರೂ ಸಿಗುವ ಮಧ್ಯಮ ಗಾತ್ರದ ಸಸ್ಯಾಹಾರಿ ಹೋಟೆಲ್ ಹೊಸಬರಿಗೆ ಒಳ್ಳೆಯ ಶಾಲೆ. ಒಂದೇ ದಿನದಲ್ಲಿ ಹುಳಿಗೆ ದಪ್ಪ ಹೋಳು, ಪಲ್ಯಕ್ಕೆ ಸಣ್ಣ ಹೆಚ್ಚು, ಫ್ರೈಡ್ ರೈಸಿಗೆ ಕಾಳಿನಷ್ಟು ಚೂರು, ನೂಡಲ್ಸಿಗೆ ಎಳೆ ಎಳೆಯಾಗಿ ಎಲೆಕೋಸು. ಕತ್ತಿ ಹಿಡಿಯುವ ಕೈ ಇಲ್ಲಿ ಕುದುರಿದಷ್ಟು ಬೇರೆಲ್ಲೂ ಕುದುರುವುದಿಲ್ಲ. ಉತ್ತರ ಭಾರತದ ವಿಭಾಗಕ್ಕೆ ಈರುಳ್ಳಿ-ಟೊಮೆಟೊ ಗ್ರೇವಿ, ಗೋಡಂಬಿ ಪೇಸ್ಟ್ ದಿನಾ ತಯಾರಾಗಬೇಕು. ಆ ಗ್ರೇವಿಯ ಈರುಳ್ಳಿ ಹುರಿಯುವ ಕೆಲಸ ಸಾಮಾನ್ಯವಾಗಿ ಹೆಲ್ಪರ್‌ಗೇ ಸಿಗುತ್ತದೆ. ಒಲೆಯ ಮುಂದೆ ಮೊದಲ ಹೆಜ್ಜೆ ಅದೇ.

ಇಲ್ಲಿನ ತೊಡಕು ಮಾಸ್ಟರ್‌ಗಳು. ಪ್ರತಿ ವಿಭಾಗಕ್ಕೂ ಒಬ್ಬೊಬ್ಬರು, ಮೂವರಿಗೂ ಒಂದೇ ಹೊತ್ತಿಗೆ ನಿಮ್ಮ ಕೈ ಬೇಕು. ಯಾರು ಹೇಳಿದ್ದು ಮೊದಲು ಎಂಬುದನ್ನು ಸೇರಿದ ದಿನವೇ ಮ್ಯಾನೇಜರ್ ಹತ್ತಿರ ಕೇಳಿಟ್ಟುಕೊಳ್ಳದಿದ್ದರೆ ಮಧ್ಯಾಹ್ನ ಒಂದೂವರೆಗೆ ಮೂರು ಕಡೆಯಿಂದಲೂ ಬೈಗುಳ. ಕೆಲವು ಮಾಸ್ಟರ್‌ಗಳು ಮಸಾಲೆ ಹಾಕುವಾಗ ಹೆಲ್ಪರ್‌ನನ್ನು ಬೇಕೆಂದೇ ಬೇರೆ ಕೆಲಸಕ್ಕೆ ಕಳಿಸುತ್ತಾರೆ. ತಿಂಗಳೆರಡು ಕಳೆದರೂ ಹಾಗೇ ನಡೆಯುತ್ತಿದ್ದರೆ ವಿಭಾಗ ಬದಲಿಸಿ ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮಾಂಸದೂಟದ ಮಿಲ್ಟ್ರಿ ಹೋಟೆಲಿನಲ್ಲಿ ಹಸಿ ಮಸಾಲೆ ದಿನವೂ ಹೊಸದಾಗಿ ರುಬ್ಬಬೇಕು, ಬೋಟಿ, ಕಾಲು ಶುಚಿ ಮಾಡಬೇಕು, ಮುದ್ದೆಗೆ ಹಿಟ್ಟು ತೊಳಸಬೇಕು. ದೊಡ್ಡ ಪಾತ್ರೆಯ ಮುದ್ದೆ ತೊಳಸುವುದು ಭುಜದ ಕೆಲಸ, ಹಳೆಯ ಸೊಂಟನೋವು ಇರುವವರು ಯೋಚಿಸಿ. ನೋಡಬೇಕಾದ ಒಂದೇ ಸಂಗತಿ ಹಸಿ ಮಾಂಸದ ಹಲಗೆ, ಕತ್ತಿ ಬೇರೆ ಇವೆಯೋ, ಅಥವಾ ಅದೇ ಹಲಗೆಯ ಮೇಲೆ ಈರುಳ್ಳಿ-ನಿಂಬೆಹಣ್ಣೂ ಹೆಚ್ಚುತ್ತಾರೋ ಎಂದು. ಎರಡನೆಯದಾದರೆ ಹೊಟ್ಟೆ ಕೆಟ್ಟ ಗಿರಾಕಿಯ ದೂರು ಬಂದ ದಿನ ಬೈಸಿಕೊಳ್ಳುವವರು ಹೆಲ್ಪರ್.

ಮದುವೆ ಅಡುಗೆ

ಭಟ್ಟರ ತಂಡದಲ್ಲಿ ದಿನಗೂಲಿ. ಕೆಲಸ ಶುರುವಾಗುವುದು ಮುಹೂರ್ತದ ಹಿಂದಿನ ಸಂಜೆ, ಕಲ್ಯಾಣ ಮಂಟಪದ ಹಿಂಭಾಗದಲ್ಲಿ, ಈಳಿಗೆಮಣೆಗಳ ಸಾಲಿನಲ್ಲಿ. 500 ಎಲೆಯ ಊಟಕ್ಕೆ ಒಂದು ಪಲ್ಯ ಎಂದರೆ ಒಬ್ಬರಿಗೆ 50–60 ಗ್ರಾಂ ಹಸಿ ತರಕಾರಿಯ ಲೆಕ್ಕದಲ್ಲಿ 25ರಿಂದ 30 ಕಿಲೋ ಬೀನ್ಸ್. ಪ್ರತಿಯೊಂದರ ಎರಡು ತುದಿ ಮುರಿದು, ನಾರು ಎಳೆದು, ಸಣ್ಣಗೆ ಹೆಚ್ಚಬೇಕು. ಬೀನ್ಸ್ ಒಂದನ್ನೇ ಎತ್ತಿಕೊಳ್ಳುವವನಿಗೆ ಬೆಳಗಾಗುತ್ತದೆ. ಎಂಟು-ಹತ್ತನ್ನು ಒಟ್ಟಿಗೆ ಜೋಡಿಸಿ ಹಿಡಿಯುವುದನ್ನು ಪಕ್ಕದವರನ್ನು ನೋಡಿಯೇ ಕಲಿಯಬೇಕು.

ಯಾವುದನ್ನು ಯಾವಾಗ ಹೆಚ್ಚಬೇಕು ಎಂಬುದು ಈ ಕೆಲಸದ ತಿರುಳು. ಕುಂಬಳಕಾಯಿ, ಬೀನ್ಸ್, ಕ್ಯಾರೆಟ್ ಸಂಜೆಯೇ ಆಗಬಹುದು. ಬದನೆಕಾಯಿ ಹೆಚ್ಚಿದ ಕೂಡಲೇ ಉಪ್ಪು ನೀರಿಗೆ, ಬಾಳೆಕಾಯಿ ಮಜ್ಜಿಗೆ ನೀರಿಗೆ ಬೀಳಬೇಕು, ಇಲ್ಲವಾದರೆ ಎರಡೂ ಕಪ್ಪು. ಸುವರ್ಣಗಡ್ಡೆಗೆ ಕೈಗೆ ಎಣ್ಣೆ ಸವರಿಕೊಂಡೇ ಕೂರಬೇಕು. ಅದರೊಳಗಿನ ಸೂಜಿಯಂಥ ಹರಳುಗಳು ಚರ್ಮಕ್ಕೆ ಚುಚ್ಚಿ ಮೊಣಕೈವರೆಗೂ ತುರಿಸುತ್ತದೆ, ಬೇಯುವಾಗ ಹುಣಸೆರಸ ಬೇಕಾಗುವುದೂ ಇದೇ ಕಾರಣಕ್ಕೆ. ಕೊತ್ತಂಬರಿ, ಸೌತೆಕಾಯಿ ಬೆಳಿಗ್ಗೆಯೇ. ಕೋಸಂಬರಿಗೆ ಉಪ್ಪು ಎಲೆ ಹಾಕುವ ಹೊತ್ತಿಗೆ. ಅರ್ಧ ಗಂಟೆ ಮೊದಲು ಹಾಕಿದರೂ ಸೌತೆ ನೀರು ಬಿಟ್ಟು ಎಲೆಯ ಮೇಲೆ ಹರಿಯುತ್ತದೆ.

ಪ್ರಮಾಣದ ಅಂದಾಜು ಇಲ್ಲಿ ಬಂದಷ್ಟು ಬೇರೆ ಯಾವ ಅಡುಗೆಮನೆಯಲ್ಲೂ ಬರುವುದಿಲ್ಲ. ನೂರು ಜನಕ್ಕೆ ಎಷ್ಟು ಬೇಳೆ, ಎಷ್ಟು ಕಾಯಿ ಎಂಬುದು ಎರಡು ವರ್ಷದಲ್ಲಿ ಬಾಯಿಪಾಠ. ಮುಂದೆ ಸ್ವಂತ ಕ್ಯಾಟರಿಂಗ್ ಮಾಡುವ ಆಸೆ ಇದ್ದವರಿಗೆ ಇದೇ ದಾರಿ. ಆದರೆ ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗಿನ ಧನುರ್ಮಾಸದಲ್ಲಿ ಇಲ್ಲ. ಹತ್ತಿರ ಹತ್ತಿರ ಎರಡೂವರೆ ತಿಂಗಳು ಮದುವೆ ಕೆಲಸವಿಲ್ಲ, ಆಗ ತಿಥಿ ಊಟ, ಹೋಮದ ಊಟ ಎಂದು ಅಲ್ಪಸ್ವಲ್ಪ ಮಾತ್ರ. ದಿನಗೂಲಿ ಎಷ್ಟೇ ಚೆನ್ನಾಗಿ ಕಂಡರೂ ವರ್ಷದ ಕೆಲಸದ ದಿನಗಳಿಂದ ಗುಣಿಸಿ, 12ರಿಂದ ಭಾಗಿಸಿ ನೋಡಿ. ಇಎಸ್‌ಐ, ಪಿಎಫ್ ಇಲ್ಲಿ ಸಿಗುವುದು ಅಪರೂಪ. ಊರಿನಲ್ಲಿ ಜಮೀನಿದ್ದು ಮಳೆಗಾಲದಲ್ಲಿ ಹೋಗಿ ಬರುವವರಿಗೆ ಮಾತ್ರ ಈ ಬಿಡುವು ವರ. ಆಷಾಢ ಬರುವ ಹೊತ್ತಿಗೆ ಗದ್ದೆ ಕೆಲಸವೂ ಕರೆಯುತ್ತಿರುತ್ತದೆ.

ಕ್ಲೌಡ್ ಕಿಚನ್

ಗಿರಾಕಿ ಒಳಗೆ ಬರದ, ಆ್ಯಪ್ ಆರ್ಡರಿಗಷ್ಟೇ ನಡೆಯುವ ಅಡುಗೆಮನೆ. ಎಷ್ಟೋ ಕಡೆ ಗ್ರೇವಿ, ಮಸಾಲೆ ಕೇಂದ್ರ ಅಡುಗೆಮನೆಯಿಂದ ಸಿದ್ಧವಾಗಿಯೇ ಬರುತ್ತದೆ. ಇಲ್ಲಿ ತೂಕ, ಬಿಸಿ, ಪ್ಯಾಕಿಂಗ್. ಅಡುಗೆ ಕಲಿಯಲೆಂದು ಸೇರಿದವರಿಗೆ ನಿರಾಸೆ ಖಂಡಿತ. ಅದೇ ಪಾತ್ರೆಯಿಂದ ಮೂರು ಬ್ರಾಂಡಿನ ಹೆಸರಿನಲ್ಲಿ ಮೂರು ಡಬ್ಬಿ ಹೋಗುವುದನ್ನು ನೋಡಿ ನಗುವೂ ಬರಬಹುದು.

ಶಿಸ್ತು ಮಾತ್ರ ಚೆನ್ನಾಗಿ ಬರುತ್ತದೆ. ಡಬ್ಬಿಯ ಮೇಲೆ ತಾರೀಕು, ಹಳೆಯದು ಮುಂದೆ ಹೊಸದು ಹಿಂದೆ, ಪ್ರತಿಯೊಂದಕ್ಕೂ ಗ್ರಾಂ ಲೆಕ್ಕ. ಮಾಡಿದ ಗ್ರೇವಿಯನ್ನು ತಣಿಸುವ ಕ್ರಮವನ್ನು ಸರಿಯಾಗಿ ಪಾಲಿಸುವ ಕಡೆ ಸೇರಿದರೆ ಆ ಒಂದು ಪಾಠ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. 20 ಲೀಟರ್ ಪಾತ್ರೆಯನ್ನು ಬಿಸಿಬಿಸಿಯಾಗಿ ಫ್ರಿಜ್‌ಗೆ ಇಟ್ಟರೆ ಅಂಚು ತಣ್ಣಗಾದರೂ ನಡುಭಾಗ ರಾತ್ರಿಯಿಡೀ ಉಗುರುಬೆಚ್ಚಗೆ ಇರುತ್ತದೆ. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳಿಗೆ ಹಬ್ಬ, ಬೆಳಿಗ್ಗೆ ಗ್ರೇವಿ ಹುಳಿ. ನಾಲ್ಕೈದು ಸೆಂಟಿಮೀಟರ್ ಆಳದ ಟ್ರೇಗಳಿಗೆ ಸುರಿದು, ಐಸ್ ನೀರಿನ ಮೇಲಿಟ್ಟು, ಎರಡು ಗಂಟೆಯೊಳಗೆ ಬಿಸಿ ಇಳಿಸಿ ಆಮೇಲೆ ಫ್ರಿಜ್. ಕೆಲಸ ಮಧ್ಯಾಹ್ನಕ್ಕೆ ಶುರುವಾಗಿ ನಡುರಾತ್ರಿ ದಾಟುತ್ತದೆ, ಹಾಗಾಗಿ ಬೆಳಗಿನ ಕಾಲೇಜಿಗೆ ಹೋಗುವವರಿಗೆ ಹೊಂದಬಹುದು. ರಾತ್ರಿ 1 ಗಂಟೆಗೆ ರೂಮಿಗೆ ಹೇಗೆ ಹೋಗುವುದು ಎಂಬುದನ್ನು ಸೇರುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಸ್ಟಾರ್ ಹೋಟೆಲ್

ಬಾಗಿಲಲ್ಲೇ ಸರ್ಟಿಫಿಕೇಟ್ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಒಂದು ವರ್ಷದ ಫುಡ್ ಪ್ರೊಡಕ್ಷನ್ ಟ್ರೇಡ್ ಇದೆ, ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಒಂದೂವರೆ ವರ್ಷದ ಕ್ರಾಫ್ಟ್ ಕೋರ್ಸ್‌ಗಳಿವೆ. ಅಪ್ರೆಂಟಿಸ್ ಆಗಿ ಸೇರಿ, ಆಮೇಲೆ ಕಾಮಿ-3, ಕಾಮಿ-2, ಕಾಮಿ-1 ಎಂದು ಕಿರಿಯ ಅಡುಗೆಯವರ ದರ್ಜೆಗಳ ಏಣಿ ಹತ್ತಬೇಕು. ಕ್ಯಾರೆಟ್ಟನ್ನು 3 ಮಿಲಿಮೀಟರ್ ಚೌಕಕ್ಕೆ ಎಂದರೆ 3 ಮಿಲಿಮೀಟರೇ, ಹಸಿ ಮಾಂಸಕ್ಕೆ ಕೆಂಪು ಹಲಗೆ, ಮೀನಿಗೆ ನೀಲಿ, ತರಕಾರಿಗೆ ಹಸಿರು. ಒಲೆ ಬಹಳ ದೂರ, ಮೊದಲ ತಿಂಗಳುಗಳು ಸಿಪ್ಪೆ ತೆಗೆಯುವ ಕೋಣೆಯಲ್ಲೇ ಕಳೆಯಬಹುದು. ಅದಕ್ಕೆ ಪ್ರತಿಯಾಗಿ ಪಿಎಫ್, ಇಎಸ್‌ಐ, ಸಮವಸ್ತ್ರ, ಒಳ್ಳೆಯ ಕ್ಯಾಂಟೀನ್ ಊಟ, ಮತ್ತು ಗಲ್ಫ್ ಅಥವಾ ಹಡಗಿನ ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಲು ಅನುಭವ ಪತ್ರ.

ಒಂದು ಎಚ್ಚರಿಕೆ. ಹೋಟೆಲಿನ ಹೆಸರು ದೊಡ್ಡದಿದ್ದರೂ ನೇಮಕ ಏಜೆನ್ಸಿಯದಾಗಿರಬಹುದು. ಆಗ ಅನುಭವ ಪತ್ರ ಕೊಡುವುದೂ ಏಜೆನ್ಸಿಯೇ, ಹೋಟೆಲ್ ಅಲ್ಲ. ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ ಎಂದು ಓದಿ ಸಹಿ ಮಾಡಿ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿಲ್ಲ, ಇರಲು ಜಾಗವಿಲ್ಲ, ನಾಳೆಯಿಂದಲೇ ಕೆಲಸ ಬೇಕು ಎಂದರೆ ವಸತಿ ಕೊಡುವ ದರ್ಶಿನಿ ಅಥವಾ ಊಟದ ಹೋಟೆಲ್. ಎರಡರಲ್ಲಿ ಆಯ್ಕೆ ಸಿಕ್ಕರೆ ಊಟದ ಹೋಟೆಲೇ ಮೇಲು. ಎರಡು ವರ್ಷಕ್ಕೆ ಕೈಯಲ್ಲಿ ಮೂರು ಬಗೆಯ ಅಡುಗೆಯ ತಯಾರಿ ಇರುತ್ತದೆ. ಬೇಗ ಸಂಬಳ ಏರಬೇಕು, ಮನೆಗೆ ದುಡ್ಡು ಕಳಿಸಬೇಕು ಎನ್ನುವವರು ದರ್ಶಿನಿಗೆ ಸೇರಿ ಕಾವಲಿಯ ಮೇಲೇ ಕಣ್ಣಿಡಿ. ವಯಸ್ಸು ಇಪ್ಪತ್ತರೊಳಗಿದ್ದು, ಒಂದು ವರ್ಷ ಮನೆಯವರು ಸಂಭಾಳಿಸುವಂತಿದ್ದರೆ ಕೋರ್ಸ್ ಮುಗಿಸಿ ಸ್ಟಾರ್ ಹೋಟೆಲ್. ಆ ವರ್ಷ ನಷ್ಟದಂತೆ ಕಂಡರೂ ಸರ್ಟಿಫಿಕೇಟ್ ಇಲ್ಲದೆ ಆ ಬಾಗಿಲು ನಲವತ್ತಕ್ಕೂ ತೆರೆಯುವುದಿಲ್ಲ. ಮನೆ, ಮಕ್ಕಳು ಇರುವ ಹೆಂಗಸರಿಗೆ ಬ್ರೇಕ್ ಶಿಫ್ಟ್ ಇಲ್ಲದ, ಬೆಳಿಗ್ಗೆ 9ರಿಂದ ಸಂಜೆ 5ರ ತರಕಾರಿ ಹೆಚ್ಚುವ ಕೆಲಸ ಕೆಲವು ಊಟದ ಹೋಟೆಲ್‌ಗಳಲ್ಲಿ ಉಂಟು, ಕೇಳಿ ನೋಡಬೇಕು.

ಸೇರುವ ಮೊದಲು ಒಂದು ದಿನ

ಯಾವ ಅಡುಗೆಮನೆಯಾದರೂ ಒಂದು ದಿನ ಕೆಲಸ ಮಾಡಿ ನೋಡಿ ಸೇರಿ. ಮೊದಲು ಕತ್ತಿ ನೋಡಿ. ಮೊಂಡು ಕತ್ತಿ ಹರಿತ ಕತ್ತಿಗಿಂತ ಅಪಾಯ, ಒತ್ತಿ ಹೆಚ್ಚುವಾಗ ಟೊಮೆಟೊ ಮೇಲಿಂದ ಜಾರಿ ಬೆರಳಿಗೇ ಬರುತ್ತದೆ. ಸಾಣೆಕಲ್ಲು ಎಲ್ಲಿದೆ ಎಂದು ಕೇಳಿದರೆ ಮುಖ ಮುಖ ನೋಡುವ ಕಡೆ ಉಳಿದದ್ದೂ ಹಾಗೇ ಇರುತ್ತದೆ. ಹಲಗೆಯ ಎತ್ತರ ನೋಡಿ: ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ತೀರಾ ತಗ್ಗಿದ್ದರೆ 25 ಕಿಲೋ ಈರುಳ್ಳಿ ಮುಗಿಯುವಷ್ಟರಲ್ಲಿ ಸೊಂಟ ಹೋಗಿರುತ್ತದೆ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ, ಇಷ್ಟನ್ನು ನೀವೇ ಮಾಡಿಕೊಳ್ಳಬಹುದು.

ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಎರಡು ಫೋಟೊ ಜೊತೆಯಲ್ಲಿರಲಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಅಡುಗೆಮನೆಯಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್‌ನಂಥ ಕಾಯಿಲೆಗಳಿಗೆ ಲಸಿಕೆ ಆಗಬೇಕು. ಅದನ್ನು ಮಾಡಿಸುವುದು ಮಾಲೀಕರ ಹೊಣೆ, ಖರ್ಚು ನಿಮ್ಮ ಸಂಬಳದಿಂದ ಮುರಿಯುತ್ತಾರೋ ಎಂದು ಕೇಳಿಕೊಳ್ಳಿ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಮುಂಭಾಗ ಮುಚ್ಚಿದ, ಜಾರದ ಶೂ ಬೇಕು.

ಇನ್ನು, ಕೇಳಬೇಕಾದ ಪ್ರಶ್ನೆಯನ್ನು ಗಲ್ಲಾ ಮೇಲೆ ಕೂತವರಿಗೆ ಕೇಳಬೇಡಿ. ಟೀ ಹೊತ್ತಿಗೆ ತರಕಾರಿ ಹೆಚ್ಚುವವರ ಪಕ್ಕ ಕೂತು ಕೇಳಿ: ‘ನಿಮಗಿಂತ ಮುಂಚೆ ಈ ಜಾಗದಲ್ಲಿ ಇದ್ದವರು ಈಗೆಲ್ಲಿ ಅಣ್ಣ?’ ಅವರು ಮಾತಾಡದೆ ಗಲ್ಲದಿಂದಲೇ ಕಾವಲಿ ಕಡೆ ತೋರಿಸಿದರೆ ಸಂಜೆಯೇ ಮ್ಯಾನೇಜರ್ ಹತ್ತಿರ ಹೋಗಿ ಹೂಂ ಅನ್ನಿ. ‘ಯಾರೂ ಮೂರು ತಿಂಗಳು ನಿಲ್ಲಲ್ಲ ಇಲ್ಲಿ’ ಅಂದರೆ, ಟೀ ಮುಗಿಸಿ, ಆ ದಿನದ ಕೂಲಿ ತೆಗೆದುಕೊಂಡು ಮುಂದಿನ ಚೀಟಿ ಹುಡುಕಿ.